ಎಳೆಗಳು ಸೇರಿ ನೂಲಾದ ಬಗೆ: ಸ್ಟೋರೇಜ್ ಸ್ವಿಚ್‌ಗಳ ನಡುವಿನ ತಂತಿಗಳು ಒಂದಾದ ಇತಿಹಾಸ



ಕೆಲವು ವರ್ಷಗಳ ಹಿಂದೆ ನಾನು ಕೆಲಸ ಮಾಡುತ್ತಿದ್ದ ಶಾಲೆಯಲ್ಲಿ ನಡೆದ ಒಂದು ಚಿಕ್ಕ ಘಟನೆಯಿಂದ ಈ ಲೇಖನವನ್ನು ಆರಂಭಿಸುತ್ತೇನೆ. ನಮ್ಮ ಕಂಪ್ಯೂಟರ್ ಕೊಠಡಿಯಲ್ಲಿ ಎರಡು ಸ್ವಿಚ್‌ಗಳಿದ್ದವು. ಸ್ವಿಚ್ ಎಂದರೆ ಇಲ್ಲಿ ದೀಪ ಹಚ್ಚುವ ಗುಂಡಿಯಲ್ಲ; ಹಲವು ಕಂಪ್ಯೂಟರ್‌ಗಳ ತಂತಿಗಳು ಬಂದು ಸೇರುವ, ಒಂದರ ಮಾತನ್ನು ಇನ್ನೊಂದಕ್ಕೆ ತಲುಪಿಸುವ ಪೆಟ್ಟಿಗೆ. ಆ ಎರಡು ಪೆಟ್ಟಿಗೆಗಳ ನಡುವೆ ಒಂದೇ ಒಂದು ತಂತಿ ಇತ್ತು. ಒಂಬತ್ತನೇ ತರಗತಿಯ ಹುಡುಗನೊಬ್ಬ ಕೇಳಿದ: "ಸರ್, ಇನ್ನೊಂದು ತಂತಿ ಹಾಕಿದರೆ ವೇಗ ಎರಡರಷ್ಟು ಆಗಬೇಕಲ್ವಾ?" ನನಗೂ ಹೌದೆನ್ನಿಸಿತು. ಹಾಕಿದೆವು. ಒಂದು ನಿಮಿಷದೊಳಗೆ ಸ್ವಿಚ್‌ಗಳ ದೀಪಗಳೆಲ್ಲ ಹುಚ್ಚು ಹಿಡಿದಂತೆ ಮಿನುಗತೊಡಗಿದವು. ಇಡೀ ಕೊಠಡಿಯ ಕಂಪ್ಯೂಟರ್‌ಗಳು ಸ್ತಬ್ಧವಾದವು. ಹೊಸ ತಂತಿಯನ್ನು ಕಿತ್ತ ಮೇಲೆಯೇ ಎಲ್ಲವೂ ಸರಿಹೋಯಿತು.

ಹುಡುಗನ ಲೆಕ್ಕದಲ್ಲಿ ತಪ್ಪಿರಲಿಲ್ಲ. ಒಂದು ಮತ್ತು ಒಂದು ಎರಡೇ. ಆದರೆ ಎರಡು ತಂತಿಗಳನ್ನು ಪಕ್ಕಪಕ್ಕದಲ್ಲಿ ಇಡುವುದು ಬೇರೆ, ಅವೆರಡನ್ನೂ ಒಂದಾಗಿಸುವುದು ಬೇರೆ ಎಂಬುದು ಅಂದು ನಮ್ಮಿಬ್ಬರಿಗೂ ತಿಳಿದಿರಲಿಲ್ಲ. ಆ ಪ್ರಶ್ನೆಯ ಬೆನ್ನು ಹತ್ತಿ ಓದುತ್ತಾ ಹೋದಾಗ ನೂರು ವರ್ಷಕ್ಕೂ ಮಿಕ್ಕಿದ ಒಂದು ಇತಿಹಾಸ ತೆರೆದುಕೊಂಡಿತು. ಅದು ಡೆನ್ಮಾರ್ಕಿನ ಟೆಲಿಫೋನ್ ಕಂಪನಿಯಿಂದ ಹೊರಟು, ಅಮೆರಿಕದ ಕ್ಯಾಲಿಫೋರ್ನಿಯಾವನ್ನು ತಲುಪುತ್ತದೆ. ಅದರ ಒಂದು ಮುಖ್ಯ ಘಟ್ಟದಲ್ಲಿ ಮೈಸೂರು ವಿಶ್ವವಿದ್ಯಾನಿಲಯದಲ್ಲಿ ಓದಿದ ಒಬ್ಬ ಇಂಜಿನಿಯರರ ಹೆಸರೂ ಬರುತ್ತದೆ.

ಟ್ರಂಕ್ ಕಾಲ್‌ನಿಂದ ಆರಂಭ

ಮನೆಯ ಹಿರಿಯರನ್ನು ಕೇಳಿ ನೋಡಿ, "ಟ್ರಂಕ್ ಕಾಲ್" ಎಂಬ ಪದ ಅವರಿಗೆ ಗೊತ್ತಿರುತ್ತದೆ. ದೂರದ ಊರಿಗೆ ಮಾತಾಡಬೇಕಾದರೆ ಅಂಚೆ ಕಚೇರಿಗೆ ಹೋಗಿ ಕಾಲ್ ಬುಕ್ ಮಾಡಿ ಗಂಟೆಗಟ್ಟಲೆ ಕಾಯುತ್ತಿದ್ದ ಕಾಲವದು. ಎರಡು ಟೆಲಿಫೋನ್ ವಿನಿಮಯ ಕೇಂದ್ರಗಳ ನಡುವೆ ಎಲ್ಲರಿಗೂ ಸೇರಿ ಇದ್ದ ಲೈನ್‌ಗಳಿಗೆ ಟ್ರಂಕ್ ಎಂದು ಹೆಸರು. ಅಂತಹ ಲೈನ್‌ಗಳು ಎಷ್ಟಿರಬೇಕು ಎಂಬುದನ್ನು ಗಣಿತದಿಂದ ಬಿಡಿಸಿದವರು ಕೋಪನ್‌ಹೇಗನ್ ಟೆಲಿಫೋನ್ ಕಂಪನಿಯಲ್ಲಿದ್ದ ಆಗ್ನರ್ ಕ್ರಾರುಪ್ ಎರ್ಲಾಂಗ್. 1909 ಮತ್ತು 1917ರಲ್ಲಿ ಅವರು ಪ್ರಕಟಿಸಿದ ಲೇಖನಗಳು ಇಂದಿಗೂ ಈ ಶಾಸ್ತ್ರದ ಬುನಾದಿಯಾಗಿವೆ.

ಎರ್ಲಾಂಗರ ಸೂತ್ರದಿಂದ ಹೊರಡುವ ಒಂದು ಫಲಿತಾಂಶವನ್ನು ನೋಡೋಣ. ಪ್ರತಿ ನೂರು ಕರೆಗಳಲ್ಲಿ ಒಂದಕ್ಕೆ ಮಾತ್ರ ಲೈನ್ ಸಿಗದೆ ಹೋಗಬಹುದು ಎಂದು ನಿಯಮ ಇಟ್ಟುಕೊಳ್ಳೋಣ. ಆಗ 5 ಲೈನ್‌ಗಳ ಒಂದು ಗುಂಪು ಸರಾಸರಿ 1.36 ಕರೆಗಳ ಹೊರೆಯನ್ನು ಹೊರಬಲ್ಲದು. ಅಂತಹ ಎರಡು ಬೇರೆ ಬೇರೆ ಗುಂಪುಗಳಿದ್ದರೆ ಒಟ್ಟು 2.72. ಆದರೆ ಅದೇ 10 ಲೈನ್‌ಗಳನ್ನು ಒಂದೇ ಗುಂಪಾಗಿ ಮಾಡಿದರೆ 4.46 ಕರೆಗಳ ಹೊರೆ ಹೊರುತ್ತವೆ. ಲೈನ್ ಒಂದೂ ಹೆಚ್ಚಾಗಲಿಲ್ಲ, ಸೇವೆ ಮಾತ್ರ ಒಂದೂವರೆ ಪಟ್ಟಿಗಿಂತ ಹೆಚ್ಚಾಯಿತು. ಕಾರಣ ಸರಳವಾಗಿದೆ. ಬೇರೆ ಬೇರೆ ಗುಂಪುಗಳಾಗಿದ್ದಾಗ ಒಂದು ಗುಂಪಿನಲ್ಲಿ ಜನ ಕಾಯುತ್ತಿರುವಾಗಲೇ ಇನ್ನೊಂದು ಗುಂಪಿನ ಲೈನ್ ಖಾಲಿ ಬಿದ್ದಿರಬಹುದು. ಒಂದೇ ಗುಂಪಾದರೆ ಆ ನಷ್ಟವಿಲ್ಲ.

ಟೆಲಿಫೋನಿನಲ್ಲಿ ಒಂದು ಅನುಕೂಲವಿತ್ತು. ಒಬ್ಬರ ಕರೆ ಮೊದಲಿನಿಂದ ಕೊನೆಯವರೆಗೂ ಒಂದೇ ಲೈನಿನಲ್ಲಿ ಸಾಗುತ್ತಿತ್ತು. ಕಂಪ್ಯೂಟರ್‌ಗಳ ಮಾತು ಹಾಗಲ್ಲ. ಅದು ಚಿಕ್ಕ ಚಿಕ್ಕ ತುಂಡುಗಳಾಗಿ ಹೋಗುತ್ತದೆ. ಒಂದೇ ಮಾತಿನ ತುಂಡುಗಳನ್ನು ನಾಲ್ಕು ತಂತಿಗಳಿಗೆ ಹಂಚಿದರೆ ಹಿಂದೆ ಹೊರಟದ್ದು ಮುಂದೆ ತಲುಪಬಹುದು. ಆಗ "ರಹೀಮನು ಶಾಲೆಗೆ ಹೋದನು" ಎಂಬ ವಾಕ್ಯ "ಹೋದನು ಶಾಲೆಗೆ ರಹೀಮನು" ಎಂದಾಗುತ್ತದೆ. ಕನ್ನಡದಲ್ಲಿ ಹೇಗೋ ಅರ್ಥವಾದೀತು. ಬ್ಯಾಂಕಿನ ಲೆಕ್ಕದಲ್ಲಿ ಆಗದು. ತಂತಿಗಳನ್ನು ಒಂದಾಗಿಸುವ ಇತಿಹಾಸವೆಲ್ಲ ಈ ಒಂದು ಪ್ರಶ್ನೆಯ ಸುತ್ತ ಇದೆ: ಹಂಚಿಯೂ ಕ್ರಮ ತಪ್ಪದಂತೆ ನೋಡಿಕೊಳ್ಳುವುದು ಹೇಗೆ?

ಮೊದಲ ಉತ್ತರ: ತುಂಡಿಗೊಂದು ಸಂಖ್ಯೆ

1990ರ ದಶಕದಲ್ಲಿ ಐಎಸ್‌ಡಿಎನ್ ಎಂಬ ಟೆಲಿಫೋನ್ ಸೇವೆ ಬಳಕೆಯಲ್ಲಿತ್ತು. ಅದರ ಸಾಮಾನ್ಯ ಸಂಪರ್ಕದಲ್ಲಿ ಸೆಕೆಂಡಿಗೆ 64 ಕಿಲೋಬಿಟ್‌ನ ಎರಡು ದಾರಿಗಳಿದ್ದವು. ಎರಡನ್ನೂ ಸೇರಿಸಿ 128 ಮಾಡಲು ಮಲ್ಟಿಲಿಂಕ್ ಪಿಪಿಪಿ ಎಂಬ ನಿಯಮಾವಳಿಯನ್ನು 1994ರಲ್ಲಿ ಪ್ರಕಟಿಸಲಾಯಿತು. 1996ರಲ್ಲಿ ಅದರ ಪರಿಷ್ಕೃತ ರೂಪ ಬಂದಿತು. ಇದರ ಉಪಾಯ ನಮ್ಮ ಪರೀಕ್ಷೆಯ ಹೆಚ್ಚುವರಿ ಹಾಳೆಗಳಂತೆ. ಪ್ರತಿ ತುಂಡಿಗೂ ಒಂದು ಕ್ರಮ ಸಂಖ್ಯೆ. ಆ ಕಡೆಯವನು ಹಾಳೆಗಳನ್ನು ಜೋಡಿಸಿಕೊಂಡು ಓದಬೇಕು. ನಡುವಿನ ಹಾಳೆ ಬರದಿದ್ದರೆ ಕಾಯಬೇಕು. ನಿಧಾನದ ದಾರಿಗಳಿಗೆ ಇದು ಒಗ್ಗಿತು. ಕ್ಷಣಕ್ಕೆ ಲಕ್ಷಗಟ್ಟಲೆ ತುಂಡುಗಳು ಬರುವ ಕಡೆ ಹೀಗೆ ಕಾದು ಜೋಡಿಸುವುದು ದೊಡ್ಡ ಹೊರೆ.

ಎರಡನೇ ಉತ್ತರ: ಒಂದು ಮಾತಿಗೆ ಒಂದೇ ತಂತಿ

ಇನ್ನು ನಮ್ಮ ಶಾಲೆಯಲ್ಲಿದ್ದಂತಹ ಈಥರ್ನೆಟ್ ಸ್ವಿಚ್‌ಗಳ ವಿಷಯಕ್ಕೆ ಬರೋಣ. ಅಲ್ಲಿ ಎರಡು ತಂತಿ ಹಾಕಿದಾಗ ಒಂದು ವರ್ತುಲ ಉಂಟಾಗುತ್ತದೆ. ಎಲ್ಲರಿಗೂ ಎಂದು ಕಳುಹಿಸಿದ ಒಂದು ಸಂದೇಶ ಒಂದು ತಂತಿಯಲ್ಲಿ ಹೋಗಿ ಇನ್ನೊಂದರಲ್ಲಿ ಮರಳಿ, ಮತ್ತೆ ಹೋಗಿ, ನಿಲ್ಲದೆ ಸುತ್ತುತ್ತದೆ. ಅಂದು ನಮ್ಮ ಕೊಠಡಿಯಲ್ಲಿ ನಡೆದದ್ದು ಇದೇ. ಈ ಅಪಾಯಕ್ಕೆ ಮದ್ದನ್ನು 1985ರಲ್ಲೇ ಅಮೆರಿಕದ ಡಿಜಿಟಲ್ ಇಕ್ವಿಪ್‌ಮೆಂಟ್ ಕಂಪನಿಯ ರೇಡಿಯಾ ಪರ್ಲ್‌ಮನ್ ಎಂಬ ಮಹಿಳೆ ಕಂಡುಹಿಡಿದಿದ್ದರು. ಸ್ಪ್ಯಾನಿಂಗ್ ಟ್ರೀ ಎಂಬ ಅವರ ವಿಧಾನ ವರ್ತುಲವನ್ನು ಗುರುತಿಸಿ ಹೆಚ್ಚಿನ ತಂತಿಯನ್ನು ಮುಚ್ಚಿಡುತ್ತದೆ. ಮೊದಲನೆಯದು ತುಂಡಾದರೆ ಮಾತ್ರ ಅದನ್ನು ತೆರೆಯುತ್ತದೆ. ನಮ್ಮ ಅಗ್ಗದ ಸ್ವಿಚ್‌ಗಳಲ್ಲಿ ಆ ಸೌಲಭ್ಯವಿರಲಿಲ್ಲ. ಇದ್ದಿದ್ದರೂ ಅಪಾಯ ತಪ್ಪುತ್ತಿತ್ತು, ವೇಗ ಮಾತ್ರ ಹೆಚ್ಚುತ್ತಿರಲಿಲ್ಲ.

ಎರಡನೇ ತಂತಿಯನ್ನೂ ಕೆಲಸಕ್ಕೆ ಹಚ್ಚುವ ದಾರಿ ತೋರಿಸಿದ್ದು "ಕಲ್ಪನಾ" ಎಂಬ ಕಂಪನಿ. ಹೌದು, ಹೆಸರು ನಮ್ಮದೇ. ಭಾರತ ಮೂಲದ ವಿನೋದ್ ಭಾರದ್ವಾಜ್ ಅವರು ಲ್ಯಾರಿ ಬ್ಲೇರ್ ಅವರೊಂದಿಗೆ 1987ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಸ್ಥಾಪಿಸಿದ ಈ ಕಂಪನಿಗೆ ತಮ್ಮ ಪತ್ನಿಯ ಹೆಸರನ್ನಿಟ್ಟಿದ್ದರು. ಈಥರ್ನೆಟ್ ಸ್ವಿಚ್ ಎಂಬ ಪೆಟ್ಟಿಗೆಯನ್ನು 1990ರಲ್ಲಿ ಮಾರುಕಟ್ಟೆಗೆ ತಂದವರು ಇವರೇ. ಹಲವು ತಂತಿಗಳನ್ನು ಒಂದೇ ತಂತಿಯೆಂದು ಸ್ವಿಚ್ ಭಾವಿಸುವಂತೆ ಮಾಡಿದ ಈಥರ್‌ಚಾನೆಲ್ ಎಂಬ ವಿಧಾನವೂ 1990ರ ದಶಕದ ಆರಂಭದಲ್ಲಿ ಇಲ್ಲಿಯೇ ಹುಟ್ಟಿತು. 1994ರಲ್ಲಿ ಸಿಸ್ಕೋ ಕಂಪನಿ ಕಲ್ಪನಾವನ್ನು ಕೊಂಡುಕೊಂಡಿತು.

ಕ್ರಮದ ಪ್ರಶ್ನೆಗೆ ಇಲ್ಲಿ ಕೊಟ್ಟ ಉತ್ತರ ಬೇರೆ. ಇಬ್ಬರ ನಡುವಿನ ಒಂದು ಮಾತುಕತೆಯ ಎಲ್ಲ ತುಂಡುಗಳೂ ಒಂದೇ ತಂತಿಯಲ್ಲಿ ಹೋಗಲಿ, ಬೇರೆ ಮಾತುಕತೆ ಬೇರೆ ತಂತಿಯಲ್ಲಿ ಹೋಗಲಿ. ಹೀಗಾದರೆ ಸಂಖ್ಯೆಯೂ ಬೇಡ, ಕಾಯುವುದೂ ಬೇಡ. ಮೊದಲು ಒಂದೊಂದು ಕಂಪನಿಯದೂ ಒಂದೊಂದು ರೀತಿಯಾಗಿತ್ತು. ನಂತರ ಎಲ್ಲರೂ ಕುಳಿತು ಚರ್ಚಿಸಿ, 2000ದಲ್ಲಿ ಐಇಇಇ ಸಂಸ್ಥೆಯ 802.3ಎಡಿ ಎಂಬ ಮಾನದಂಡವನ್ನು ಒಪ್ಪಿಕೊಂಡರು. ಅದರ ಪ್ರಕಾರ ಎರಡು ಸ್ವಿಚ್‌ಗಳು ಪರಸ್ಪರ ಚಿಕ್ಕ ಸಂದೇಶಗಳನ್ನು ಕಳುಹಿಸಿಕೊಂಡು "ನೀನು ಯಾರು, ನಿನ್ನ ಯಾವ ಯಾವ ತಂತಿಗಳು ನನ್ನ ಬಳಿ ಬಂದಿವೆ" ಎಂದು ಕೇಳಿ ತಿಳಿದು ಒಂದಾಗುತ್ತವೆ. ಬೇರೆ ಬೇರೆ ಕಂಪನಿಗಳ ಸ್ವಿಚ್‌ಗಳೂ ಹೀಗೆ ಒಂದಾಗಬಹುದು. 2008ರಲ್ಲಿ ಈ ಮಾನದಂಡ 802.1ಎಎಕ್ಸ್ ಎಂಬ ಹೆಸರಿಗೆ ವರ್ಗವಾಯಿತು.

ಸ್ಟೋರೇಜ್ ಜಾಲದ ಅಗತ್ಯ

ಈಗ ನಮ್ಮ ಮುಖ್ಯ ವಿಷಯಕ್ಕೆ ಬರೋಣ. ನೀವು ಎಟಿಎಂನಲ್ಲಿ ಕಾರ್ಡ್ ಹಾಕಿದಾಗ ನಿಮ್ಮ ಖಾತೆಯಲ್ಲಿ ಎಷ್ಟಿದೆ ಎಂದು ಬ್ಯಾಂಕಿನ ಸರ್ವರ್ ಕಂಪ್ಯೂಟರ್ ನೋಡಬೇಕು. ಆ ಲೆಕ್ಕ ಇರುವುದು ಡಿಸ್ಕ್‌ಗಳಲ್ಲಿ. ಹಿಂದೆ ಸರ್ವರ್‌ಗೂ ಡಿಸ್ಕ್‌ಗೂ ನಡುವೆ ಸ್ಕಸಿ ಎಂಬ ದಪ್ಪ ಕೇಬಲ್ ಇರುತ್ತಿತ್ತು. ಅದರ ಉದ್ದ ಹೆಚ್ಚೆಂದರೆ 25 ಮೀಟರ್. ಒಂದು ಕೇಬಲ್‌ಗೆ ಸೇರಿಸಬಹುದಾದ ಸಾಧನಗಳು ಹೆಚ್ಚೆಂದರೆ 16. ಒಂದು ಸರ್ವರ್‌ನ ಡಿಸ್ಕ್ ತುಂಬಿ, ಪಕ್ಕದ ಸರ್ವರ್‌ನ ಡಿಸ್ಕ್ ಖಾಲಿ ಇದ್ದರೂ ಹಂಚಿಕೊಳ್ಳುವಂತಿರಲಿಲ್ಲ.

ಈ ಕಷ್ಟವನ್ನು ನೀಗಿಸಲು 1988ರಲ್ಲಿ ಅಮೆರಿಕದ ಮಾನದಂಡ ಸಂಸ್ಥೆಯ ಅಡಿಯಲ್ಲಿ ಫೈಬರ್ ಚಾನೆಲ್ ಎಂಬ ಹೊಸ ವ್ಯವಸ್ಥೆಯ ಕೆಲಸ ಆರಂಭವಾಗಿ 1994ರಲ್ಲಿ ಅಂಗೀಕಾರವಾಯಿತು. ಭಾಷೆಯ ಮೇಷ್ಟರಾದ ನನಗೆ ಇಲ್ಲೊಂದು ಸ್ವಾರಸ್ಯ ಕಂಡಿತು. ಇದರ ಫೈಬರ್ ಎಂಬ ಪದವನ್ನು ಅಮೆರಿಕನ್ನರೇ ಬ್ರಿಟಿಷ್ ಕಾಗುಣಿತದಲ್ಲಿ ಬರೆಯಲು ತೀರ್ಮಾನಿಸಿದರು. ಇದು ಗಾಜಿನ ಎಳೆಯ ಮೇಲೆ ಮಾತ್ರವಲ್ಲ, ತಾಮ್ರದ ತಂತಿಯ ಮೇಲೂ ನಡೆಯುತ್ತದೆ; ಗಾಜಿನ ಎಳೆಯ ಹೆಸರಿನೊಂದಿಗೆ ಗೊಂದಲವಾಗದಿರಲಿ ಎಂಬುದು ಉದ್ದೇಶ. ಇದರಿಂದ ಸರ್ವರ್‌ಗಳು ಒಂದು ಕಡೆ, ಡಿಸ್ಕ್‌ಗಳು ಇನ್ನೊಂದು ಕಡೆ, ನಡುವೆ ಸ್ವಿಚ್‌ಗಳ ಜಾಲ ಎಂಬ ಏರ್ಪಾಟು ಸಾಧ್ಯವಾಯಿತು. ಸೂಕ್ತ ಗಾಜಿನ ಎಳೆಯಿದ್ದರೆ 10 ಕಿಲೋಮೀಟರ್ ದೂರಕ್ಕೂ ಹೋಗಬಹುದಾಯಿತು. ಇಂತಹ ಜಾಲಕ್ಕೆ ಸ್ಟೋರೇಜ್ ಏರಿಯಾ ನೆಟ್‌ವರ್ಕ್, ಚುಟುಕಾಗಿ ಸ್ಯಾನ್ ಎನ್ನುತ್ತಾರೆ.

ಡಿಸ್ಕಿನ ಮಾತು ಬಹಳ ಸೂಕ್ಷ್ಮ. ಫೈಬರ್ ಚಾನೆಲ್‌ನ ಒಂದು ತುಂಡನ್ನು ಫ್ರೇಮ್ ಎನ್ನುತ್ತಾರೆ. ಅದರಲ್ಲಿ ಹೆಚ್ಚೆಂದರೆ 2112 ಬೈಟ್ ಮಾಹಿತಿ ಹಿಡಿಯುತ್ತದೆ. ನೂರು ಕೋಟಿ ಬೈಟ್‌ಗಳ, ಅಂದರೆ ಒಂದು ಗಿಗಾಬೈಟ್‌ನ ಒಂದು ಕಡತವನ್ನು ಕಳುಹಿಸಲು ಸುಮಾರು 4.7 ಲಕ್ಷ ಫ್ರೇಮ್‌ಗಳು ಬೇಕು. ಅವುಗಳ ಕ್ರಮ ಏರುಪೇರಾದರೆ ಅನೇಕ ಸಾಧನಗಳು ಅದನ್ನು ದೋಷವೆಂದು ತಿಳಿದು ಕೆಲಸವನ್ನು ಮತ್ತೆ ಮೊದಲಿನಿಂದ ಮಾಡಬೇಕಾಗುತ್ತದೆ.

ಮಳವಳ್ಳಿ ಎಂಬ ಹೆಸರು

ಈ ಜಾಲದ ಸ್ವಿಚ್‌ಗಳನ್ನು ತಯಾರಿಸಲೆಂದೇ 1995ರಲ್ಲಿ ಕ್ಯಾಲಿಫೋರ್ನಿಯಾದಲ್ಲಿ ಬ್ರೊಕೇಡ್ ಎಂಬ ಕಂಪನಿ ಆರಂಭವಾಯಿತು. ಸ್ಥಾಪಕರು ಮೂವರು: ಸೇತ್ ನೈಮನ್, ಪಾಲ್ ಬಾಂಡರ್‌ಸನ್ ಮತ್ತು ಕುಮಾರ್ ಮಳವಳ್ಳಿ. ಮಂಡ್ಯ ಜಿಲ್ಲೆಯ ಮಳವಳ್ಳಿಯನ್ನು ನೆನಪಿಸುವ ಹೆಸರಿನ ಈ ಇಂಜಿನಿಯರ್ ಮೈಸೂರು ವಿಶ್ವವಿದ್ಯಾನಿಲಯದ ಪದವೀಧರರು. ಕೆನಡಾದಲ್ಲಿ ಹ್ಯೂಲೆಟ್ ಪ್ಯಾಕರ್ಡ್ ಕಂಪನಿಯಲ್ಲಿ ಫೈಬರ್ ಚಾನೆಲ್ ಕುರಿತು ಕೆಲಸ ಮಾಡಿದವರು. ಫೈಬರ್ ಚಾನೆಲ್ ಮಾನದಂಡಗಳನ್ನು ರೂಪಿಸಿದ ಸಮಿತಿಗಳಲ್ಲಿ ಪ್ರಮುಖ ಪಾತ್ರ ವಹಿಸಿದವರು. ಬ್ರೊಕೇಡ್ 1997ರಲ್ಲಿ ತನ್ನ ಮೊದಲ ಸ್ವಿಚ್ಚನ್ನು ಹೊರತಂದಿತು. 1999ರ ಮೇ ತಿಂಗಳಲ್ಲಿ ಅದರ ಷೇರುಗಳು ಅಮೆರಿಕದ ಮಾರುಕಟ್ಟೆಗೆ ಬಂದವು.

ಹೆಸರುಗಳನ್ನು ಸ್ವಲ್ಪ ಗಮನಿಸಿ. ಬ್ರೊಕೇಡ್ ಎಂದರೆ ಜರಿ ಹಾಕಿ ನೇಯ್ದ ರೇಷ್ಮೆ ವಸ್ತ್ರ; ಉರ್ದುವಿನಲ್ಲಿ ಕಿಮ್‌ಖ್ವಾಬ್ ಎನ್ನುತ್ತೇವೆ. ಅವರ ಸ್ವಿಚ್ಚಿನ ಹೆಸರು ಸಿಲ್ಕ್‌ವರ್ಮ್, ಅಂದರೆ ರೇಷ್ಮೆ ಹುಳು. ಸ್ವಿಚ್‌ಗಳ ಜಾಲಕ್ಕೆ ಈ ಕ್ಷೇತ್ರದಲ್ಲಿ ಫ್ಯಾಬ್ರಿಕ್, ಅಂದರೆ ಬಟ್ಟೆ ಎಂದೇ ಹೆಸರು. ಟಿಪ್ಪು ಸುಲ್ತಾನರು 1780ರ ದಶಕದಲ್ಲಿ ಬಂಗಾಳದಿಂದ ರೇಷ್ಮೆ ಹುಳು ತರಿಸಿ ಬೆಳೆಸಿದ ಈ ನಾಡಿನಲ್ಲಿ, ರಾಮನಗರ, ಶಿಡ್ಲಘಟ್ಟಗಳ ರೀಲರ್ ಕುಟುಂಬಗಳಿಂದ ಬಂದ ನಮ್ಮ ವಿದ್ಯಾರ್ಥಿಗಳಿಗೆ ಈ ಮಾತುಗಳನ್ನು ಬಿಡಿಸಿ ಹೇಳಬೇಕಿಲ್ಲ.

ರೀಲಿಂಗ್ ಘಟಕದಲ್ಲಿ ಏನು ನಡೆಯುತ್ತದೆಂದು ನೀವು ನೋಡಿದ್ದೀರಿ. ಒಂದು ಗೂಡಿನ ಎಳೆ ಕಣ್ಣಿಗೆ ಕಾಣದಷ್ಟು ಸಣ್ಣದು, ಅದರಿಂದ ನೇಯಲಾಗದು. ಬಿಸಿ ನೀರಿನಲ್ಲಿ ಬೆಂದ ಹಲವು ಗೂಡುಗಳ ಎಳೆಗಳನ್ನು ಒಟ್ಟಿಗೆ ಎತ್ತಿ ಒಂದೇ ನೂಲಾಗಿ ಸುತ್ತುತ್ತಾರೆ. ನಡುವೆ ಒಂದು ಎಳೆ ಮುಗಿದರೆ ರಾಟೆಯನ್ನು ನಿಲ್ಲಿಸುವುದಿಲ್ಲ. ಇನ್ನೊಂದು ಗೂಡಿನ ಎಳೆಯನ್ನು ಸೇರಿಸುತ್ತಾರೆ, ನೂಲು ಸಾಗುತ್ತಲೇ ಇರುತ್ತದೆ. ಸ್ವಿಚ್‌ಗಳ ನಡುವೆ ಬೇಕಾಗಿದ್ದದ್ದೂ ಇದೇ. ಒಂದು ವ್ಯತ್ಯಾಸವೆಂದರೆ, ರೇಷ್ಮೆಯಲ್ಲಿ ಎಳೆಗಳು ಪಕ್ಕಪಕ್ಕ ಸಾಗಿದರೆ ಸಾಕು. ಇಲ್ಲಿ ಮೊದಲೇ ಹೇಳಿದಂತೆ ಕ್ರಮವೂ ತಪ್ಪಬಾರದು.

ಮೂರನೇ ಉತ್ತರ: ತಂತಿಯನ್ನೇ ಅಳೆಯುವುದು

ಮೊದಲ ತಲೆಮಾರಿನ ಸ್ವಿಚ್‌ಗಳ ನಡುವೆ ನಾಲ್ಕು ತಂತಿ ಹಾಕಿದರೂ ಅವು ನಾಲ್ಕು ಬೇರೆ ದಾರಿಗಳಾಗಿಯೇ ಉಳಿಯುತ್ತಿದ್ದವು. ದಾರಿ ಹುಡುಕುವ ಎಫ್‌ಎಸ್‌ಪಿಎಫ್ ಎಂಬ ವಿಧಾನವು ವರ್ತುಲದ ಅಪಾಯವನ್ನು ತಪ್ಪಿಸಿತ್ತು. ಈಥರ್ನೆಟ್‌ನಂತೆ ತಂತಿಯನ್ನು ಮುಚ್ಚುವ ಅಗತ್ಯ ಇಲ್ಲಿರಲಿಲ್ಲ. ಆದರೆ ಯಾವ ಸರ್ವರ್ ಯಾವ ತಂತಿಯನ್ನು ಬಳಸಬೇಕೆಂದು ಮೊದಲೇ ಹಂಚಲಾಗುತ್ತಿತ್ತು. ಉದಾಹರಣೆಗೆ, ಹೆಚ್ಚು ಕೆಲಸದ ಎರಡು ಸರ್ವರ್‌ಗಳು ದುರದೃಷ್ಟವಶಾತ್ ಒಂದೇ ತಂತಿಗೆ ಬಂದರೆ ಅಲ್ಲಿ ನೂಕುನುಗ್ಗಲು. ಪಕ್ಕದ ತಂತಿ ಖಾಲಿ. ಎರ್ಲಾಂಗರ ಕಾಲದ ತೊಂದರೆಯೇ ಮತ್ತೆ ಬಂದಂತಾಯಿತು.

2001ರಲ್ಲಿ ಸೆಕೆಂಡಿಗೆ 2 ಗಿಗಾಬಿಟ್ ವೇಗದ ಸಿಲ್ಕ್‌ವರ್ಮ್ 3800 ಸ್ವಿಚ್ಚಿನೊಂದಿಗೆ ಬ್ರೊಕೇಡ್ ಇದಕ್ಕೆ ಉತ್ತರ ತಂದಿತು. ಅದಕ್ಕೆ ಇಟ್ಟ ಹೆಸರು ಹಳೆಯದೇ: ಟ್ರಂಕಿಂಗ್. ಪಕ್ಕಪಕ್ಕದ ನಾಲ್ಕು ಪೋರ್ಟ್‌ಗಳಿಂದ ನಾಲ್ಕು ತಂತಿಗಳನ್ನು ಎದುರಿನ ಸ್ವಿಚ್ಚಿಗೆ ಹಾಕಿದರೆ ಅವು ತಾವಾಗಿಯೇ ಒಂದಾಗಿ 8 ಗಿಗಾಬಿಟ್‌ನ ಒಂದೇ ದಾರಿಯಾಗುತ್ತವೆ. ಇಲ್ಲಿ ಒಂದೇ ಮಾತಿನ ಫ್ರೇಮ್‌ಗಳನ್ನು ನಾಲ್ಕು ತಂತಿಗಳಿಗೂ ಹಂಚಬಹುದು. ಕ್ರಮ ಸಂಖ್ಯೆ ನೋಡಿ ಜೋಡಿಸುತ್ತಾ ಕೂರುವುದಿಲ್ಲ. ಆದರೂ ಕ್ರಮ ತಪ್ಪುವುದಿಲ್ಲ. ಹೇಗೆ?

ಉಪಾಯ ಇರುವುದು ಅಳತೆಯಲ್ಲಿ. ತಂತಿ ಜೋಡಿಸಿದ ಕೂಡಲೇ ಎರಡು ಸ್ವಿಚ್‌ಗಳು ಪರಸ್ಪರ ಪರಿಚಯ ಮಾಡಿಕೊಳ್ಳುತ್ತವೆ. ಎದುರಿನದು ಟ್ರಂಕಿಂಗ್ ಬಲ್ಲದೇ, ಎರಡೂ ಕಡೆ ಆ ಸೌಲಭ್ಯದ ಪರವಾನಗಿ ಇದೆಯೇ, ವೇಗ ಒಂದೇ ಇದೆಯೇ, ಪೋರ್ಟ್‌ಗಳು ಒಂದೇ ಗುಂಪಿಗೆ ಸೇರಿವೆಯೇ ಎಂದು ನೋಡುತ್ತವೆ. ಬಳಿಕ ಗುರುತಿನ ಸಂದೇಶವೊಂದನ್ನು ಕಳುಹಿಸಿ ಪ್ರತಿ ತಂತಿಯಲ್ಲಿ ಅದು ತಲುಪಲು ಎಷ್ಟು ಸಮಯ ಹಿಡಿಯಿತೆಂದು ಅಳೆಯುತ್ತವೆ. ಗಾಜಿನ ಎಳೆಯಲ್ಲಿ ಬೆಳಕು 1 ಮೀಟರ್ ಸಾಗಲು ಸುಮಾರು 5 ನ್ಯಾನೋಸೆಕೆಂಡ್ ಬೇಕು. ಅಂದರೆ 30 ಮೀಟರ್ ಉದ್ದದ ವ್ಯತ್ಯಾಸಕ್ಕೆ 150 ನ್ಯಾನೋಸೆಕೆಂಡ್. ಯಾವ ತಂತಿ ಎಷ್ಟು ಉದ್ದವಿದೆ ಎಂದು ತಿಳಿದ ಮೇಲೆ ಚಿಕ್ಕ ತಂತಿಯಲ್ಲಿ ಹೋಗುವುದನ್ನು ಅಷ್ಟು ಮಾತ್ರ ತಡೆದರೆ ಎಲ್ಲವೂ ಹೊರಟ ಕ್ರಮದಲ್ಲೇ ತಲುಪುತ್ತವೆ. ಸಾಮೂಹಿಕ ಕವಾಯತಿನಲ್ಲಿ ಉದ್ದ ಕಾಲಿನವನು ಹೆಜ್ಜೆ ಚಿಕ್ಕದು ಮಾಡಿಕೊಂಡು ಸಾಲು ಕಾಯ್ದಂತೆ. ತಂತಿಗಳ ಉದ್ದದ ವ್ಯತ್ಯಾಸ 30 ಮೀಟರ್‌ಗಿಂತ ಕಡಿಮೆ ಇರಲಿ ಎಂದು ಕಂಪನಿ ಸೂಚಿಸಿದ್ದು ಇದೇ ಕಾರಣಕ್ಕೆ.

ಗುಂಪಿನಲ್ಲಿ ಒಂದು ಪೋರ್ಟ್ ಮುಖ್ಯಸ್ಥನಾಗಿ ಉಳಿದವುಗಳ ಪರವಾಗಿ ಮಾತಾಡುತ್ತದೆ. ಯಾವುದಾದರೂ ತಂತಿ ತುಂಡಾದರೆ ಉಳಿದವು ಕೆಲಸ ಮುಂದುವರಿಸುತ್ತವೆ. ಮುಖ್ಯಸ್ಥನೇ ಹೋದರೆ ಇನ್ನೊಂದು ಆ ಸ್ಥಾನಕ್ಕೆ ಬರುತ್ತದೆ. ಈ ಬದಲಾವಣೆ ಜಾಲಕ್ಕೆ ತೊಂದರೆಯಾಗದಂತೆ ನಡೆಯುವ ಸುಧಾರಣೆ 4 ಗಿಗಾಬಿಟ್‌ನ ತಲೆಮಾರಿನಲ್ಲಿ ಬಂದಿತು. 2004ರ ಆ ಸಿಲ್ಕ್‌ವರ್ಮ್ 4100ರಲ್ಲಿ 8 ತಂತಿಗಳು ಸೇರಿ 32 ಗಿಗಾಬಿಟ್ ಆದವು. 2008ರ ತಲೆಮಾರಿನಲ್ಲಿ 64, 2011ರಲ್ಲಿ 128, 2016ರಲ್ಲಿ 256, 2020ರ ತಲೆಮಾರಿನಲ್ಲಿ 512 ಗಿಗಾಬಿಟ್. ತಂತಿಗಳ ಸಂಖ್ಯೆ ಎಂಟೇ. ಒಂದೊಂದರ ವೇಗ ಪ್ರತಿ ಬಾರಿ ಎರಡರಷ್ಟಾಗುತ್ತಾ ಬಂದಿದೆ. ಬ್ರೊಕೇಡ್ ಕಂಪನಿಯನ್ನು 2017ರಲ್ಲಿ ಬ್ರಾಡ್‌ಕಾಮ್ ಕೊಂಡುಕೊಂಡಿತು. ಸಿಲ್ಕ್‌ವರ್ಮ್ ಎಂಬ ಹೆಸರು ಅದಕ್ಕೂ ಮೊದಲೇ ಬಳಕೆಯಿಂದ ಮರೆಯಾಗಿತ್ತು.

ಇನ್ನೊಂದು ದಾರಿ ಹಿಡಿದವರು

2002ರಲ್ಲಿ ಸಿಸ್ಕೋ ಎಂಡಿಎಸ್ 9000 ಎಂಬ ಸ್ವಿಚ್‌ಗಳ ಮೂಲಕ ಇದೇ ಕ್ಷೇತ್ರಕ್ಕೆ ಇಳಿಯಿತು. ಕಲ್ಪನಾದಿಂದ ಬಂದ ಅನುಭವ ಅವರ ಬಳಿ ಇತ್ತು. ಅವರು ಪೋರ್ಟ್ ಚಾನೆಲ್ ಎಂದು ಕರೆದ ವ್ಯವಸ್ಥೆಯಲ್ಲಿ 16 ತಂತಿಗಳವರೆಗೆ ಸೇರಿಸಬಹುದು. ಅವು ಪಕ್ಕಪಕ್ಕದಲ್ಲಿ ಇರಬೇಕೆಂದಿಲ್ಲ, ಸ್ವಿಚ್ಚಿನ ಬೇರೆ ಬೇರೆ ಕಾರ್ಡ್‌ಗಳಲ್ಲಿದ್ದರೂ ಸರಿ. ಒಂದು ಕಾರ್ಡ್ ಪೂರ್ತಿ ಕೆಟ್ಟರೂ ಸಂಪರ್ಕ ಉಳಿಯುತ್ತದೆ. ಇವರು ಹಿಡಿದದ್ದು ಎರಡನೇ ಉತ್ತರವನ್ನು: ಓದುವ ಅಥವಾ ಬರೆಯುವ ಒಂದು ಪೂರ್ಣ ವಹಿವಾಟು ಒಂದೇ ತಂತಿಯಲ್ಲಿ, ಮುಂದಿನ ವಹಿವಾಟು ಇನ್ನೊಂದರಲ್ಲಿ.

ಎರಡನ್ನೂ ಉತ್ತರ ಪತ್ರಿಕೆಗಳ ಉದಾಹರಣೆಯಿಂದ ತಿಳಿಯಬಹುದು. ಒಂದು ವಿಧಾನದಲ್ಲಿ ಪತ್ರಿಕೆಯ ಪುಟಗಳನ್ನೇ ಬಿಡಿಸಿ ನಾಲ್ವರು ಮೌಲ್ಯಮಾಪಕರಿಗೆ ಹಂಚುತ್ತಾರೆ. ಕೆಲಸ ಸಮನಾಗಿ ಹಂಚಿಕೆಯಾಗುತ್ತದೆ, ಆದರೆ ನಾಲ್ವರೂ ಒಂದೇ ಕೋಣೆಯಲ್ಲಿ ಒಂದೇ ವೇಗದಲ್ಲಿ ಕೆಲಸ ಮಾಡಬೇಕು. ಇನ್ನೊಂದರಲ್ಲಿ ಇಡೀ ಪತ್ರಿಕೆಯನ್ನು ಒಬ್ಬೊಬ್ಬರಿಗೆ ಕೊಡುತ್ತಾರೆ. ಒಬ್ಬರಿಗೆ ದಪ್ಪ ಪತ್ರಿಕೆ ಬರಬಹುದು, ಆದರೆ ಅವರು ಯಾವ ಕೋಣೆಯಲ್ಲಾದರೂ ಕೂರಬಹುದು. ನಂತರ ಬ್ರೊಕೇಡ್ ಕೂಡ ತನ್ನ ಟ್ರಂಕ್‌ಗಳ ನಡುವೆ ಹೊರೆ ಹಂಚಲು ವಹಿವಾಟು ಆಧಾರಿತ ವಿಧಾನವನ್ನು ಸೇರಿಸಿಕೊಂಡಿತು.

ಸಿಸ್ಕೋದಲ್ಲಿ ಗುಂಪನ್ನು ತಾನಾಗಿಯೇ ರಚಿಸುವ ಸೌಲಭ್ಯವೂ ಕೆಲವು ಕಾಲ ಇತ್ತು. ನಂತರದ ಆವೃತ್ತಿಗಳಲ್ಲಿ ಅದನ್ನು ಕೈಬಿಡಲಾಯಿತು. ಗುಂಪು ಯಾವುದೆಂದು ಮನುಷ್ಯನೇ ಹೇಳಬೇಕು, ಎರಡೂ ಕಡೆ ಹೊಂದುತ್ತದೆಯೇ ಎಂದು ಪರೀಕ್ಷಿಸುವುದು ಮಾತ್ರ ಯಂತ್ರಗಳ ಕೆಲಸವಾಯಿತು. ಬ್ರೊಕೇಡ್‌ನಲ್ಲಿ ತಾನಾಗಿಯೇ ಒಂದಾಗುವ ಪದ್ಧತಿ ಮುಂದುವರಿಯಿತು. ಹೀಗೆ ಯಂತ್ರಕ್ಕೆ ಎಷ್ಟು ಬಿಡಬೇಕು ಎಂಬಲ್ಲಿ ಎರಡು ಕಂಪನಿಗಳು ಎರಡು ತೀರ್ಮಾನಕ್ಕೆ ಬಂದವು.

ಇತಿಹಾಸ ಹೇಳುವ ಎರಡು ಮಾತು

ಮೊದಲನೆಯದು ಎಚ್ಚರಿಕೆಯ ಮಾತು. ನಾಲ್ಕು ತಂತಿಗಳಲ್ಲಿ ಒಂದು ಹೋದರೆ ಟ್ರಂಕ್ ನಿಲ್ಲುವುದಿಲ್ಲ, ಇದು ಅದರ ಗುಣ. ಇದೇ ಅದರ ಅಪಾಯವೂ ಹೌದು. ಕೆಲಸ ನಿಲ್ಲದ ಕಾರಣ ಯಾರೂ ದೂರು ಕೊಡುವುದಿಲ್ಲ. ದಾಖಲೆಯಲ್ಲಿ ಒಂದು ಸಾಲು ಬಿದ್ದಿರುತ್ತದೆ, ಅಷ್ಟೆ. ಎರಡನೆಯದೂ ಹೋಗುತ್ತದೆ. ಸಂಬಳದ ದಿನ ಹೊರೆ ಹೆಚ್ಚಾದಾಗ ಉಳಿದ ಎರಡು ತಂತಿಗಳು ತಾಳುವುದಿಲ್ಲ. ಆಗ "ನಿನ್ನೆಯವರೆಗೆ ಚೆನ್ನಾಗಿತ್ತು" ಎನ್ನುತ್ತಾರೆ. ವಾಸ್ತವದಲ್ಲಿ ಚೆನ್ನಾಗಿರಲಿಲ್ಲ, ನೋಡಿದವರಿರಲಿಲ್ಲ. ತಾನಾಗಿಯೇ ನಡೆಯುವ ವ್ಯವಸ್ಥೆಗೆ ಕಾವಲು ಬೇಡವೆಂದಲ್ಲ, ಅದಕ್ಕೇ ಹೆಚ್ಚು ಬೇಕು. ರೀಲಿಂಗ್ ಘಟಕದಲ್ಲಿ ರಾಟೆ ತಿರುಗುತ್ತಿರುವಾಗಲೂ ಕೆಲಸಗಾರರ ಕಣ್ಣು ಎಳೆಗಳ ಮೇಲೆಯೇ ಇರುತ್ತದೆ. ಎಳೆ ಕಡಿಮೆಯಾದರೂ ನೂಲು ಬರುತ್ತಲೇ ಇರುತ್ತದೆ, ಆದರೆ ತೆಳುವಾಗುತ್ತದೆ ಎಂಬುದು ಅವರಿಗೆ ಗೊತ್ತು. ಈ ಕ್ಷೇತ್ರದಲ್ಲಿ ಕೆಲಸಕ್ಕೆ ಸೇರುವ ನಮ್ಮ ವಿದ್ಯಾರ್ಥಿಗಳು ಇದನ್ನು ಮೊದಲ ದಿನವೇ ನೆನಪಿಡಬೇಕು.

ಎರಡನೆಯದು ಒಪ್ಪಂದದ ಮಾತು. ಈಥರ್ನೆಟ್‌ನಲ್ಲಿ ಎಲ್ಲ ಕಂಪನಿಗಳೂ ಒಂದು ಮಾನದಂಡಕ್ಕೆ ಬಂದ ಕಾರಣ ಬೇರೆ ಬೇರೆಯವರ ಸ್ವಿಚ್‌ಗಳ ತಂತಿಗಳು ಒಂದಾಗಬಲ್ಲವು. ಫೈಬರ್ ಚಾನೆಲ್‌ನಲ್ಲೂ ದಾರಿ ಹುಡುಕುವ ಎಫ್‌ಎಸ್‌ಪಿಎಫ್ ವಿಧಾನ 2001ರ ಮಾನದಂಡದಲ್ಲಿ ಸೇರಿ ಎಲ್ಲರ ಸೊತ್ತಾಯಿತು. ಆದರೆ ಟ್ರಂಕಿಂಗ್ ಹಾಗಾಗಲಿಲ್ಲ. ಬ್ರೊಕೇಡ್‌ನ ಟ್ರಂಕ್ ಬ್ರೊಕೇಡ್ ಸ್ವಿಚ್ಚಿನೊಂದಿಗೆ ಮಾತ್ರ ಕೂಡುತ್ತದೆ. ಸಿಸ್ಕೋ ಸ್ವಿಚ್ಚಿಗೆ ಎಂಟು ತಂತಿ ಹಾಕಿದರೂ ಆ ಟ್ರಂಕ್ ಆಗದು. ತಂತ್ರಜ್ಞಾನ ಎರಡೂ ಕಡೆ ಇದೆ, ಇಲ್ಲದಿರುವುದು ಒಪ್ಪಂದ. ಇದರಿಂದಾಗಿ ಒಮ್ಮೆ ಒಂದು ಕಂಪನಿಯ ಸ್ವಿಚ್ ಕೊಂಡ ಆಸ್ಪತ್ರೆಯೋ ಬ್ಯಾಂಕೋ ಮುಂದಿನದನ್ನೂ ಅವರಿಂದಲೇ ಕೊಳ್ಳಬೇಕಾಗುತ್ತದೆ. ಸಮಿತಿಗಳಲ್ಲಿ ವರ್ಷಗಟ್ಟಲೆ ಕುಳಿತು ಒಂದೊಂದು ಪದಕ್ಕೂ ವಾದಿಸಿ ಮಾನದಂಡ ಬರೆಯುವವರ ಹೆಸರು ಪತ್ರಿಕೆಗಳಲ್ಲಿ ಬರುವುದು ಅಪರೂಪ. ಆದರೆ ಅವರ ಕೆಲಸ ಯಂತ್ರ ಕಂಡುಹಿಡಿದವರ ಕೆಲಸಕ್ಕಿಂತ ಕಡಿಮೆಯದಲ್ಲ. ಮೈಸೂರಿನಿಂದ ಹೋದ ಒಬ್ಬರು ಅಂತಹ ಕೆಲಸವನ್ನೂ ಮಾಡಿದ್ದಾರೆ ಎಂಬುದು ನಮಗೆ ಹೆಮ್ಮೆಯ ಸಂಗತಿ. ಒಳ್ಳೆಯ ಇಂಜಿನಿಯರ್ ಆಗಲು ಗಣಿತದ ಜೊತೆಗೆ ಸ್ಪಷ್ಟವಾಗಿ ಬರೆಯುವ, ಎದುರಿನವರ ಮಾತನ್ನು ತಾಳ್ಮೆಯಿಂದ ಕೇಳುವ ಅಭ್ಯಾಸವೂ ಬೇಕೆಂದು ಭಾಷಾ ಶಿಕ್ಷಕನಾಗಿ ನಾನು ಹೇಳಿದರೆ ಅದು ನನ್ನ ವಿಷಯದ ಪಕ್ಷಪಾತವಲ್ಲ ಎಂದು ನಂಬಿದ್ದೇನೆ.

ಕೊನೆಯದಾಗಿ, ಆ ಒಂಬತ್ತನೇ ತರಗತಿಯ ಹುಡುಗನಿಗೆ ಅಂದು ನಾನು "ಇನ್ನೊಮ್ಮೆ ಹೀಗೆ ತಂತಿ ಮುಟ್ಟಬೇಡ" ಎಂದು ಗದರಿದ್ದೆ. ಈಗ ಸಿಕ್ಕಿದರೆ ಬೇರೆ ಮಾತು ಹೇಳುತ್ತೇನೆ. ನಿನ್ನ ಪ್ರಶ್ನೆ ಸರಿಯಾಗಿತ್ತು, ಬೇಟಾ. ಅದನ್ನೇ ಕೇಳಿ ಉತ್ತರ ಸಿಗುವವರೆಗೆ ಬಿಡದವರು ಕೋಪನ್‌ಹೇಗನ್‌ನಲ್ಲಿದ್ದರು, ಕ್ಯಾಲಿಫೋರ್ನಿಯಾದಲ್ಲಿದ್ದರು. ತಂತಿಗಳು ಪರಸ್ಪರ ಅರಿತುಕೊಳ್ಳುವ ಏರ್ಪಾಟು ನಮ್ಮ ಪೆಟ್ಟಿಗೆಗಳಲ್ಲಿ ಇರಲಿಲ್ಲ, ಅಷ್ಟೇ. ನಮ್ಮ ಸಂಸ್ಥೆಯ ಶಾಲಾ ಕಾಲೇಜುಗಳ ಶಿಕ್ಷಕ ಮಿತ್ರರಲ್ಲಿ ನನ್ನ ವಿನಂತಿಯೂ ಇದೇ. ಮಕ್ಕಳ ಪ್ರಯೋಗದಿಂದ ಒಂದು ತಾಸು ಕಂಪ್ಯೂಟರ್ ಕೊಠಡಿ ನಿಂತರೆ ಪರವಾಗಿಲ್ಲ. ಏಕೆ ನಿಂತಿತು ಎಂದು ಅವರೊಂದಿಗೆ ಕುಳಿತು ಹುಡುಕೋಣ.